ಹದ

ಬಾ ಎರ್ಗಿಸ್, ಕಣ್ಣು ಆಮೇಲೆ. ಮೊದಲು ಹೆಬ್ಬೆರಳು ಕೊಡು.
ಮೇಜಿನ ಮೇಲೆ ಎರಡು ತುಂಡು. ಎರಡೂ ಕಂದು,
ಎರಡೂ ಹಸುವಿನದೇ. ಫ್ಲಾರೆನ್ಸಿನ ಅಂಗಡಿಗಳಲ್ಲಿ
ಎರಡಕ್ಕೂ ಒಂದೇ ಹೆಸರು. ಅವರ ಮಾತು ಬಿಡು.

ಇದನ್ನು ಮುಷ್ಟಿಯಲ್ಲಿ ಹಿಸುಕು. ಈಗ ಬಿಚ್ಚು.
ಏನೂ ಆಗಿಲ್ಲವೆಂಬಂತೆ ಮೈಚಾಚಿಕೊಂಡಿತು, ನೋಡು.
ಕ್ರೋಮ್. ಒಂದು ಹಗಲು, ಒಂದು ರಾತ್ರಿ
ಪೀಪಾಯಿಯಲ್ಲಿ ಉರುಳಿ, ನೀಲಿಯಾಗಿ ಹೊರಬಿದ್ದದ್ದು.
ಮೇಲೆ ಯಾವ ಬಣ್ಣ ಬಳಿದರೂ ಅಂಚು ಕತ್ತರಿಸಿದರೆ
ಒಳಗೆ ಆ ನೀಲಿಬೂದು ಗೆರೆ ಹಲವು ಸಲ ಸಿಕ್ಕಿಬೀಳುತ್ತದೆ.
ನೀರು ಹಾಕು: ಹನಿ ಹನಿಯಾಗಿಯೇ ಕೂತಿರುತ್ತದೆ,
ಹೊಸ್ತಿಲಲ್ಲೇ ನಿಲ್ಲಿಸಿದ ನೆಂಟನ ಹಾಗೆ.

ಇನ್ನು ಇದು. ಉಗುರಿನಿಂದ ಗೀರು.
ಗೀರು ಉಳಿಯಿತೆ? ಉಳಿಯುತ್ತದೆ.
ಚೆಸ್ಟ್‌ನಟ್ ಮರದ ಕಷಾಯ, ಗುಂಡಿಯಿಂದ ಗುಂಡಿಗೆ,
ತೆಳುವಿನಿಂದ ಗಟ್ಟಿಗೆ, ನಲವತ್ತು ದಿನ.
ಅವಸರ ಮಾಡಿದೆಯೋ, ಹೊರಗೆ ಬೆಂದು ಒಳಗೆ ಹಸಿ.
ಇದು ನೀರು ಕುಡಿಯುತ್ತದೆ, ಕುಡಿದಲ್ಲಿ ಕಪ್ಪಾಗುತ್ತದೆ,
ಬಿಸಿಲು ಕುಡಿಯುತ್ತದೆ, ಬೆವರು ಕುಡಿಯುತ್ತದೆ,
ಒದ್ದೆಯಿರುವಾಗ ತುಕ್ಕು ಮೊಳೆ ತಗುಲಿತೋ,
ಶಾಯಿ ಚೆಲ್ಲಿದಂಥ ಕಲೆ. ನಮ್ಮ ಗೂಟಗಳು ಮರದವು, ಅದಕ್ಕೇ.
ಹೊಸಬರು ಇದು ಮೇಲು, ಅದು ಕೀಳು ಅನ್ನುತ್ತಾರೆ.
ಮಳೆಯಲ್ಲಿ ನಿಂತು ದುಡಿಯುವವನ ಬೂಟಿಗೆ
ನಾನಂತೂ ಕ್ರೋಮನ್ನೇ ಕೊಡುತ್ತೇನೆ.

ಮೂರನೆಯದೊಂದಿದೆ, ನಮ್ಮಲ್ಲಿ ಮಾಡುವುದಿಲ್ಲ.
ಲೋರಿಸ್ ಹೇಳಿದ್ದು: ಅವನ ಅಕ್ಕ ನೆಲ್ಲಾ,
ಮದುವೆಯ ಬಿಳಿ ಕೈಗವಸು
(ಪಟಿಕ, ಉಪ್ಪು, ಹಿಟ್ಟು, ಮೊಟ್ಟೆಯ ಹಳದಿ)
ಕೊಳೆಯಾಯಿತೆಂದು ತೊಟ್ಟಿಯಲ್ಲಿ ಅದ್ದಿ ತೊಳೆದಳಂತೆ.
ಪಟಿಕ ನೀರಿನ ಜೊತೆ ಹೋಯಿತು.
ಬೆಳಿಗ್ಗೆ ಹಗ್ಗದ ಮೇಲೆ ಎರಡು ಒಣಮೀನು.
ಅದು ಹದವಲ್ಲ ಮಗೂ, ಕೈಗಡ.

ನಾನು ಎಲ್ಲಿ ಕಲಿತೆ ಅನ್ನುತ್ತೀಯಾ?
ಸೆನೆಗಲ್ಲಿನಲ್ಲಿ, ಲೂಗಾ ಹತ್ತಿರದ ಹಳ್ಳಿ.
ಅಜ್ಜಿ ಕುಂಬಾ ಮೇಕೆ ತೊಗಲಿಗೆ ಜಾಲಿಕಾಯಿ ಕುಟ್ಟುತ್ತಿದ್ದಳು.
ಊದೆ ನಾವು, ತೊಗಲಿನ ಕುಲ.
ತಾಯಿತಕ್ಕೆ ಚೀಲ ಹೊಲಿಸಲು ನಮ್ಮ ಬಾಗಿಲಿಗೇ ಬರಬೇಕು;
ಹೆಣ್ಣು ಕೇಳಲು ನಾವು ಹೋದರೆ ಅವರ ಬಾಗಿಲು ಮುಚ್ಚು.
ಆ ತಾಯಿತ ಕಟ್ಟಿಕೊಂಡ ತೋಳಿನಿಂದಲೇ ಮುಚ್ಚುತ್ತಿದ್ದರು.

ಇಲ್ಲಿ, ಸಾಂತಾ ಕ್ರೋಚೆಯಲ್ಲಿ, ವಾಸನೆ ಇಡೀ ಊರಿನದು.
ಪಾದ್ರಿಯ ನಿಲುವಂಗಿಗೂ ಅದೇ, ಮೇಯರನ ಕಾರಿಗೂ ಅದೇ.
ಕಾಫಿ ಅಂಗಡಿಯಲ್ಲಿ ಯಾರೂ ಕುರ್ಚಿ ಸರಿಸಲಿಲ್ಲವೆಂದು
ಮೊದಲ ವಾರ ಮನೆಗೆ ಫೋನು ಮಾಡಿ ಹೇಳಿದ್ದೆ.
ಆಮೇಲೊಂದು ದಿನ ಪೀಸಾ ಬಸ್ಸು. ಪಕ್ಕದವಳು ಎದ್ದು ಹೋದಳು.
ಚರ್ಮಕ್ಕೋ, ಚರ್ಮದ ವಾಸನೆಗೋ?
ಹದಿನೆಂಟು ವರ್ಷ ಪಳಗಿದ ಬೆರಳು,
ಅದೊಂದನ್ನು ಮಾತ್ರ
ಇವತ್ತಿಗೂ ಬೇರ್ಪಡಿಸಿ ಹೇಳಲಾರೆ.

ಲೋರಿಸ್ ಮೊದಲ ದಿನ ನನ್ನ ತೋಳಿನ ತಾಯಿತ ಹಿಡಿದ.
ಮೂಸಿದ. ಉಗುರಿನಿಂದ ಅಂಚು ಕೆರೆದ.
ಕೇಳಿದ್ದು ಇಷ್ಟೇ: ಯಾವ ಮರ?
ಅವನ ಭಾಷೆಯಲ್ಲಿ ಹೆಸರು ಗೊತ್ತಿರಲಿಲ್ಲ.
ಮುಳ್ಳಿದೆ ಎಂದು ಬೆರಳಿಗೆ ಚುಚ್ಚಿಕೊಂಡು ತೋರಿಸಿದೆ,
ಹೂವಿನ ಹಳದಿಗೆ ಗೋಡೆಯ ಕ್ಯಾಲೆಂಡರು,
ಎತ್ತರಕ್ಕೆ ಬೆಂಚು ಹತ್ತಿ ಕೈ ಚಾಚಿದೆ.
ಅವನು ತಲೆಯೆತ್ತಿ ನೋಡುತ್ತಲೇ ಇದ್ದ,
ಅಲ್ಲಿ ನಿಜಕ್ಕೂ ಟೊಂಗೆಗಳಿದ್ದ ಹಾಗೆ.

ಸೈರನ್ ಆಯಿತು. ಏಳು.
ಕೈಗವಸು ಆ ಪೆಟ್ಟಿಗೆಯಲ್ಲಿದೆ, ಹಾಕಿಕೋ.
ನಗಬೇಡ. ಹೌದು, ರಬ್ಬರಿನದೇ.