ಎಂಟು ಸೀರೆಯ ಮಣ್ಣು

ಭಾಂಡೂಪಿನ ಮೂರನೇ ಮಹಡಿ. ಲಿಫ್ಟಿಲ್ಲ.
ಕಿಟಕಿಗೆ ಜಾಲರಿ, ಜಾಲರಿಗೆ ಮೂಗೊತ್ತಿ ಕೂತ
ನಮ್ಮ ಗುಂಡಿ.
ಕೋಟಿನ ಗುಂಡಿಯ ಹಾಗೆ ಕಣ್ಣು ಹೊಳೆಯುತ್ತವೆಂದು
ಇಟ್ಟ ಹೆಸರು. ಆಮೇಲೆ ಗೊತ್ತಾಯಿತು,
ಅವಳ ಕಸುಬೂ ಗುಂಡಿ ತೋಡುವುದೇ.

ನಾನು ಸೀರೆಗೆ ಫಾಲ್ ಹಚ್ಚುವವಳು.
ಫಾಲಿಗೆ ಎಂಬತ್ತು.
ಅಂಗಡಿಯ ಹುಡುಗ ಐದು ಕಿಲೋ ಚೀಲ ತೋರಿಸಿ
ಆರುನೂರ ನಲವತ್ತು ಅಂದಾಗ
ಮನಸ್ಸಿನಲ್ಲೇ ಹೊಲಿದು ನೋಡಿದೆ: ಎಂಟು ಸೀರೆ.
ಎಂಟು ಸೀರೆಯ ಅಂಚು, ಬೆಕ್ಕಿನ ಉಚ್ಚೆಗೆ!
ಅದೂ ಎಲ್ಲಿಯದೋ ಗುಡ್ಡ ಅಗೆದ ಮಣ್ಣು,
ಒಣಗಿಸಿ, ಪುಡಿ ಮಾಡಿ,
ಲ್ಯಾವೆಂಡರ್ ವಾಸನೆ ಬೆರೆಸಿದ್ದು.
ಗುಂಡಿ ಮೂಸಿದಳು, ಸೀನಿದಳು,
ಆದರೂ ಒಳಗಿಳಿದು ಕೆಲಸ ಮುಗಿಸಿದಳು.
ಮರ್ಯಾದಸ್ಥೆ.

ಆಷಾಢ ಬಂತು. ಮದುವೆಯಿಲ್ಲ, ಸೀರೆಯಿಲ್ಲ.
ಶುರುವಾಯಿತು ನನ್ನ ಸಂಶೋಧನೆ.

ಮೊದಲು ಪೇಪರು. ಹರಿದು ಹರಿದು ಟ್ರೇ ತುಂಬಿದೆ.
ಚಿನ್ನದ ದರದ ಮೇಲೆ ಕೂರಲೊಲ್ಲಳು,
ಶ್ರದ್ಧಾಂಜಲಿಯ ಮೇಲೆ ಕೂತಳು.
ಬಿಳಿ ಪಾದಕ್ಕೆಲ್ಲ ಮಸಿ. ಆ ಪಾದದಲ್ಲೇ
ಗೋಡಬೋಲೆಯವರ ಕೆನೆಬಣ್ಣದ ಪೈಠಣಿಯ ಮೇಲೆ ನಡೆದಳು.
ಆ ಕತೆ ಬೇಡ.

ಮತ್ತೆ ಮರಳು. ಎದುರು ಏಳುತ್ತಿರುವ ಟವರಿನ ರಾಶಿಯಿಂದ
ರಾತ್ರಿ ಎರಡು ಹಿಡಿ. ಸರಿ, ಎರಡು ಬಕೆಟ್ಟು.
ವಾಚ್‌ಮನ್ ಕೇಳಿದ: ಮನೆ ಕಟ್ಟಿಸ್ತಿದ್ದೀರಾ ಮೌಶಿ?
ಹೂಂ, ಅಂದೆ,
ಒಬ್ಬಳಿಗೆ.

ಆಮೇಲೆ ಧನಜಿಯ ಹಿಟ್ಟಿನ ಗಿರಣಿ.
ಜೋಳ, ಬಾಜ್ರಿ, ಗೋಧಿ, ನೆಲ ಗುಡಿಸಿದ್ದು, ಪುಕ್ಕಟೆ.
ಆಹಾ, ಏನು ಚಂದ ಉಂಡೆ ಕಟ್ಟಿತು!
ನಮ್ಮತ್ತೆ ಇದ್ದಿದ್ದರೆ ಹದ ನೋಡಿ ಮೆಚ್ಚುತ್ತಿದ್ದರು,
ಏನೆಂದು ತಿಳಿಯುವ ತನಕ.
ನಾಲ್ಕನೇ ದಿನ ಇರುವೆ ಸಾಲು, ಆರನೇ ದಿನ ನುಸಿ,
ರಾತ್ರಿ ನನ್ನೊಳಗೇ ಬೇರೊಂದು ನುಸಿ:
ಗುಡಿಸಿದ್ದಾದರೇನು, ಹಿಟ್ಟಲ್ಲವೇ ಅದು?
ಮರುದಿನ ರೊಟ್ಟಿ ತಟ್ಟುತ್ತ
ಕೈ ಒಂದು ಗಳಿಗೆ ನಿಂತಿತು.

ಇಷ್ಟರಲ್ಲಿ ಶೇವಂತಾಬಾಯಿ.
ದಿನಾ ಎಂಟೂವರೆಗೆ ಮೂರೂ ಮಹಡಿಯ ಕಸವನ್ನು
ನೀಲಿ ಡ್ರಮ್ಮಿನಲ್ಲಿ ಹೊತ್ತು ಇಳಿಯುವವಳು
ಬಾಗಿಲಲ್ಲಿ ನಿಂತು ಕೇಳಿದಳು:
ಅಕ್ಕಾ, ಆ ಮಣ್ಣು ನಿಲ್ಲಿಸಿದಿರಲ್ಲ?
ಅದು ಬರುತ್ತಿದ್ದಾಗ ನನ್ನ ಬಲಭುಜಕ್ಕೆ ಗೊತ್ತಾಗುತ್ತಿತ್ತು,
ಇವತ್ತು ನಿಮ್ಮ ಬೆಕ್ಕಿನ ದಿನ ಅಂತ.
ಕೋಪವಿರಲಿಲ್ಲ.
ಇವತ್ತು ಬುಧವಾರ ಅನ್ನುವ ಹಾಗೆ ಅಂದಳು.

ಭೂಮಿಯ ಲೆಕ್ಕ ಹಾಕಿದ್ದೆ, ಪರ್ಸಿನ ಲೆಕ್ಕ ಹಾಕಿದ್ದೆ,
ಬೆಕ್ಕಿನ ಪಾದದ ಲೆಕ್ಕ ಕೂಡ.
ಮೆಟ್ಟಿಲು ಎಣಿಸಿರಲಿಲ್ಲ.
ಐವತ್ತನಾಲ್ಕು.

ಅವಳೇ ಕರೆದೊಯ್ದಳು,
ಅವಳ ಮೈದುನ ಗರಗಸ ಹಿಡಿಯುವ ವಖಾರಿಗೆ.
ಪ್ಲೈವುಡ್ಡಿಂದು ಬೇಡ, ಅಂಟಿರುತ್ತೆ, ಅಂದ ಅವನು;
ಬಣ್ಣ ಕಾಣದ ಮರದ ದಪ್ಪ ಹೊಟ್ಟು ತುಂಬಿಕೊಟ್ಟ.
ಗೋಣಿಗೆ ಅರವತ್ತು. ಮುಕ್ಕಾಲು ಸೀರೆ.
ಹೆಗಲಿಗಿಟ್ಟರೆ ಇದೆಯೋ ಇಲ್ಲವೋ.
ರವೆ ಜರಡಿಯಲ್ಲಿ ಧೂಳು ಹಾರಿಸಿದೆ
(ಆ ಜರಡಿ ಇನ್ನು ಅಡುಗೆಮನೆಗೆ ಮರಳದು).
ಗಟ್ಟಿಯದನ್ನು ಬೇರೆ ಕಾಗದದಲ್ಲಿ ಸುತ್ತಿ
ಕೆಂಪು ಫಾಲಿನ ಚೂರಿನಿಂದ ಕಟ್ಟುತ್ತೇನೆ:
ಶೇವಂತಾ, ಇದನ್ನು ಬಿಚ್ಚಬೇಡ.

ಎಲ್ಲ ಸರಿಹೋಯಿತೆಂದಲ್ಲ.
ಮಳೆಗೆ ಹೊಟ್ಟು ಒಣಗದು, ವಾಸನೆ ಇದ್ದೇ ಇದೆ,
ಹಾಸಿಗೆಯಲ್ಲಿ ಹೊಟ್ಟು, ಮಿಷಿನ್ನಿನ ಬಾಬಿನ್ನಿನಲ್ಲಿ ಹೊಟ್ಟು.
ಗೋಡಬೋಲೆಯವರು ಸೀರೆ ಕೊಡವಿ ಇದೇನು ಅಂದರೆ
ಮರ, ಅನ್ನುತ್ತೇನೆ.

ಕೊನೆಯ ಲೋಕಲ್ ಹೋದ ಮೇಲೆ
ಕತ್ತಲಲ್ಲಿ ಕರಕರ.
ತೋಡಿ, ಮುಗಿಸಿ, ಮುಚ್ಚಿ, ಮೂಸಿ,
ಮತ್ತೆ ಮುಚ್ಚುತ್ತಾಳೆ.
ಫಾಲಿನ ಹೊಲಿಗೆಯೂ ಹಾಗೇ,
ಹೊರಗೆ ಕಂಡರೆ ಕೆಟ್ಟ ಕೆಲಸ.
ದೀಪ ಹಾಕಿ ನೋಡಿದೆ:
ಒಂದು ಮೂಲೆ ಹಾಗೇ ಬಿಟ್ಟಿದ್ದಾಳೆ.
ಇರಲಿ, ಬೆಳಿಗ್ಗೆ.