ಹಾಳೆ ಹದಿನೇಳು

ಹನ್ನೆರಡು ಗೆರೆ ಎಳೆದಾಗಿದೆ,
ಕಪ್ಪು ಪರದೆಯ ಮೇಲೆ ಬಾಚಿದ ಕೂದಲಿನಂತೆ.
ಯಾಸ್ನಾ ಕನೆಕ್ಟರ್ ಎತ್ತಿ ಅಡ್ಡಕ್ಕೆ ಇಡುತ್ತಾಳೆ.
ಮುಟ್ಟಿದ್ದೇ ತಡ, ಗೆರೆಗಳು ತಾವೇ ತುಂಡಾಗಿ
ಇತ್ತ ಪ್ಲಗ್ಗು, ಅತ್ತ ಸಾಕೆಟ್ಟು,
ನಡುವೆ ಒಂದರಿಂದ ಹದಿಮೂರರವರೆಗೆ ಪಿನ್ನು.
ಒಂಬತ್ತನೆಯದಕ್ಕೆ ತಂತಿಯಿಲ್ಲ. ಇರಲಿ ಬಿಡು,
ಪಂಕ್ತಿಗೆ ಬಾರದವನ ಎಲೆಯ ಹಾಗೆ.

ಕಿಟಕಿಯಾಚೆ ವಾಲ್ಪಾರೈಸೊ. ಬಂದರಿನ ಕ್ರೇನು,
ಗುಡ್ಡಕ್ಕೆ ಕಚ್ಚಿಕೊಂಡ ತಗಡಿನ ಮನೆಗಳು,
ಷೆಡ್ಡಿನಲ್ಲಿ ಕೊಂಬು ಇಳಿಸಿ ನಿಂತ ಟ್ರಾಲಿಬಸ್ಸುಗಳು.
ಇವಳು ಮೀನುಹಿಟ್ಟಿನ ಕಾರ್ಖಾನೆಯ ಪ್ಯಾನೆಲ್ಲು ಬರೆಯುತ್ತಿದ್ದವಳು,
ಇಲ್ಲಿ ಆರು ತಿಂಗಳ ಗುತ್ತಿಗೆ.
ಬಸ್ಸುಗಳು ಹಳೆಯವೇ ಇರಲಿ,
ನಕ್ಷೆ ಹೊಸದಾಗಬೇಕಂತೆ, ಸೋಮವಾರದೊಳಗೆ.

ಮೂವತ್ತೊಂದನೆಯ ಬಸ್ಸಿಗೊಂದು ಚಾಳಿ:
ಎಡಕ್ಕೆ ತಿರುಗುವ ದೀಪ ಹಾಕಿದರೆ
ಇಳಿಯುವವರ ಗಂಟೆ ಸಣ್ಣಗೆ ಕೆಮ್ಮುತ್ತದೆ.
ಹಳೆಯ ನೀಲಿ ನಕ್ಷೆಯಲ್ಲಿ ಆ ಎರಡು ತಂತಿ
ಒಂದರ ಮುಖ ಒಂದು ನೋಡಿದ್ದೇ ಇಲ್ಲ.

ಮೂರು ದಿನ ಹುಡುಕಿದಳು.
ನಾಲ್ಕನೆಯ ದಿನ ದೋನ್ ಅಲಿರೊ
ಚಹಾದ ಲೋಟ ಕೆಳಗಿಟ್ಟು, ಮಂಡಿಯೂರಿ,
ಎರಡನೆಯ ಸೀಟಿನಡಿಯ ಹಲಗೆ ಎಬ್ಬಿಸಿದ.
ಬಟ್ಟೆಯ ಟೇಪು ಸುತ್ತಿದ ಗಂಟು, ಹೆಬ್ಬೆರಳ ಗಾತ್ರ.
ದೀಪವೂ ಗಂಟೆಯೂ ಮನೆಗೆ ಮರಳುವ ದಾರಿ ಅದೊಂದೇ.
"ನಾನೇ. ಭೂಕಂಪ ಆದ ವರ್ಷ.
ಅಂಗಡಿ ಮುಚ್ಚಿತ್ತು, ಕನೆಕ್ಟರ್ ಎಲ್ಲಿಂದ ತರಲಿ?
ಐದು ಗಂಟೆಗೆ ಬಸ್ಸು ಹೊರಡಬೇಕಿತ್ತು.
ಹೊರಟಿತು."
ಆಮೇಲೆ ದನಿ ತಗ್ಗಿಸಿ: "ಬರೆಯಬೇಡ, ಮಗಳೇ.
ಬರೆದರೆ ಕಿತ್ತುಹಾಕುತ್ತಾರೆ."

ಕನೆಕ್ಟರ್ ಬಿಚ್ಚಬಹುದಾದ ಮಾತು.
ಗಂಟು ಹಾಗಲ್ಲ, ಕತ್ತರಿಸಲೇ ಬೇಕು.

ಪರದೆಯ ಮೇಲೆ ಗಂಟು ಹಾಕುವುದು ಸುಲಭ. ಗೆರೆ ತೋರಿಸು, ಒತ್ತು.
ತಂತ್ರಾಂಶ ಕೇಳುತ್ತದೆ: ಹೆಸರೇನು? ತಯಾರಿಸಿದವರಾರು?
ಬಿಡಿಭಾಗದ ಸಂಖ್ಯೆ? ಗಂಟಿನಾಚೆ ತಂತಿಗೆ
ಹಳೆಯ ಅಂಕಿಯೋ, ಹೊಸದೋ?
ನಮ್ಮ ಕನ್ನಡ ಮೇಷ್ಟರಾಗಿದ್ದರೆ ಕೇಳುತ್ತಿದ್ದರು
ಲೋಪವೋ, ಆಗಮವೋ, ಆದೇಶವೋ,
ಎರಡು ಪದ ಕೂಡಿದಲ್ಲಿ ಯಾವ ಅಕ್ಷರ ಸತ್ತಿತು,
ಯಾವುದು ಕರೆಯದೆ ಬಂದು ಕೂತಿತು ಎಂದು.
ಇಲ್ಲಿ ಯಾವುದೂ ಸತ್ತಿಲ್ಲ.
ತಾಮ್ರ ಹಸಿರುಗಟ್ಟಿದೆ, ಅಷ್ಟೆ.

ಯಾಸ್ನಾಗೆ ಇನ್ನೂ ಕೆಲಸಕ್ಕೆ ಸೇರದ ಯಾರೋ ಒಬ್ಬ ಕಾಣಿಸಿದ:
ನಡುರಾತ್ರಿ, ಟಾರ್ಚು ಬಾಯಲ್ಲಿ ಕಚ್ಚಿ,
ಇದೇ ಬಸ್ಸಿನ ಹೊಟ್ಟೆಗೆ ತಲೆ ತೂರಿಸಿ,
ಪಕ್ಕದಲ್ಲಿ ತನ್ನ ನಕ್ಷೆ ಹರಡಿಕೊಂಡು,
ಅದನ್ನೇ ನಂಬಿ.

ಒತ್ತಿದಳು.
ತಯಾರಕರ ಜಾಗ ಖಾಲಿ ಬಿಡಲು ಯಂತ್ರ ಒಪ್ಪಲಿಲ್ಲ.
'ಎ. ಪಾಯಾಕಾನ್, ರಾತ್ರಿ ಪಾಳಿ' ಎಂದು ತುಂಬಿದಳು.

ಸಂಜೆ ಆತ ಬಂದ. ಕನ್ನಡಕ ಒರೆಸಿಕೊಂಡು ನೋಡಿದ.
ಸಾಸಿವೆ ಕಾಳಿನಷ್ಟು ಚುಕ್ಕಿ, ಪಕ್ಕದಲ್ಲಿ ಎಸ್‌ಪಿ-ಏಳು.
"ಇಷ್ಟೇನಾ?"
ಬಹಳ ಹೊತ್ತು ಮಾತಿಲ್ಲ. ಸಿಟ್ಟೋ ಏನೋ.
ಕೆಳಗೆ ಯಾರೋ ಮೂವತ್ತೊಂದನ್ನು ಹೊರತೆಗೆಯುತ್ತಿದ್ದರು:
ಎಡದೀಪ, ಕೆಮ್ಮು, ಎಡದೀಪ, ಕೆಮ್ಮು.
ಆತ ಬೆರಳನ್ನು ಪರದೆಗೆ ಊರಿದ,
ಗಾಜಿನ ಮೇಲೆ ಗ್ರೀಸಿನ ಗುರುತು ನಿಂತಿತು.
"ಅಲ್ಲಲ್ಲ, ಇಲ್ಲಿ.
ಒಂದು ಗೇಣು ಎಡಕ್ಕೆ."