ಓದುಗರ ಲೆಕ್ಕ, ತದಡಿ

ಶಾಲೆಗೆ ಹೊಸ ಹಲಗೆ ಬಂದಾಗ
ಹಳೆಯದನ್ನು ನೂರೈವತ್ತಕ್ಕೆ ಕೊಂಡುಕೊಂಡೆ.
ಮೂಲೆಯಲ್ಲಿ ಇನ್ನೂ ಇತ್ತು, ಎಷ್ಟು ಒರೆಸಿದರೂ ಹೋಗದೆ,
ಒಟ್ಟು ೪೧, ಹಾಜರಿ ೩೬.
ಒಳ್ಳೆಯ ಶಕುನ ಅಂದುಕೊಂಡೆ.

ಬಲೆ, ಹಗ್ಗ, ಸೀಸದ ಗುಂಡು, ತೇಲುಬೆಂಡು
ಮಾರುವ ಅಂಗಡಿಗೆ ಬರವಣಿಗೆ ಯಾಕೆ ಅಂತ
ಗಂಡ ಕೇಳಲಿಲ್ಲ, ಕೆಮ್ಮಿದ.
ಅದು ಅವನು ಕೇಳುವ ರೀತಿ.

ಮೊದಲ ದಿನ ಬರೆದೆ: ನಮ್ಮಲ್ಲಿ ಉತ್ತಮ ಹಗ್ಗ ಸಿಗುತ್ತದೆ.
ಎರಡನೆಯ ದಿನ: ಅತ್ಯುತ್ತಮ.
ಮೂರನೆಯ ದಿನಕ್ಕೆ ಹತ್ತಲು ಮೆಟ್ಟಿಲು ಉಳಿದಿರಲಿಲ್ಲ.

ಓದಿದರೋ ಇಲ್ಲವೋ ತಿಳಿಯುವುದು ಹೇಗೆ?
ಹಲಗೆಯ ಮುಂದೆ ಒಂದು ಬುಟ್ಟಿ ಮರಳು ಹರಡಿ
ನೀರು ಚಿಮುಕಿಸಿ, ಹತ್ತು ಗಂಟೆಗೆ ಹೆಜ್ಜೆ ನೋಡುತ್ತಿದ್ದೆ.
ಧಕ್ಕೆಗೆ ಹೋಗುವವರ ಬೆರಳು ಧಕ್ಕೆಯ ಕಡೆಗೇ.
ಓದುವವರ ಹೆಜ್ಜೆ ಬೇರೆ:
ಎರಡು ಹಿಮ್ಮಡಿ ಜೊತೆಗೆ ಊರಿ
ಬೆರಳು ನನ್ನ ಅಕ್ಷರದ ಕಡೆಗೆ.
ಅಂಥವು ವಾರಕ್ಕೆ ಎರಡು. ಅದರಲ್ಲಿ ಒಂದು ನನ್ನದೇ,
ಕಾಗುಣಿತ ನೋಡಲು ನಿಂತದ್ದು.

ದೊಡ್ಡದಾಗಿ ಬರಿ ಚಿಕ್ಕಮ್ಮಾ, ಬಣ್ಣ ಹಾಕು, ಅಂದ ನಿತಿನ.
ಹಾಕಿದೆ. ಕಾಗೆ ಬಂತು.
ಮುನ್ನೂರು ಚೀಟಿ ಕುಮಟೆಯಲ್ಲಿ ಅಚ್ಚು ಮಾಡಿಸಿ
ಮೀನು ಮಾರುವ ಹೆಂಗಸರ ಬುಟ್ಟಿಗೆ ಹತ್ತತ್ತು ಇಟ್ಟೆ.
ಸಂಜೆ ಸಣ್ಣಮ್ಮ ಬಂದು ಹೊಗಳಿದಳು:
"ನಿನ್ನ ಕಾಗದ ಗಟ್ಟಿ ಮಾರಾಯ್ತಿ,
ಬಂಗಡೆ ನೀರು ಒಂದು ಹನಿ ಸೋರಲಿಲ್ಲ."
ಅಘನಾಶಿನಿಗೆ ದಾಟುವ ದೋಣಿಯಲ್ಲಿ
ಹಲಗೆಯನ್ನೇ ಒಮ್ಮೆ ಕೂರಿಸಿದೆ, ಅದಕ್ಕೂ ಟಿಕೇಟು ಕೊಟ್ಟು.
ಆಚೆ ದಡ ಮುಟ್ಟುವಾಗ ಅರ್ಧ ವಾಕ್ಯ ನದಿಯ ಪಾಲು.
ಎದುರಿನ ಗಜಾನನ ತಾಂಡೇಲ ದೀಪದ ಬೋರ್ಡು ಹಾಕಿದ,
ಅಕ್ಷರ ಓಡುತ್ತಿತ್ತು,
ಓದುವವನೂ ಜೊತೆಗೆ ಓಡಬೇಕು.

ಆಮೇಲೆ ಆ ಮಂಗಳವಾರ.
ನಾನು ಮಾರಿದ ಹಸಿರು ಹಗ್ಗ, ಹದಿನಾಲ್ಕು ಎಂಎಂ,
ಬೇಲೆಕೇರಿಯ ಆಚೆ, ತುಂಬಿದ ಬಲೆ ಎಳೆಯುವಾಗ ಕಡಿಯಿತು.
ಯಾರಿಗೂ ಏನೂ ಆಗಲಿಲ್ಲ. ಬಲೆ ಹೋಯಿತು.
ಬೆಳಗಿನ ತನಕ ಮಗ್ಗುಲು ಬದಲಿಸಿ, ಎದ್ದು ಬರೆದೆ,
ಸಣ್ಣಗೆ. ನಾಚಿಕೆಗೆ ಸಣ್ಣ ಅಕ್ಷರವೇ ಸರಿ.
"ಹೋದ ತಿಂಗಳು ಬಂದ ಹಸಿರು ಸುರುಳಿ ಸರಿಯಿಲ್ಲ.
ಎಳೆದು ನೋಡದೆ ಮಾರಿದ್ದು ನನ್ನ ತಪ್ಪು.
ತಂದುಕೊಡಿ, ದುಡ್ಡು ವಾಪಸ್ಸು. ಅಲ್ಲಿಯವರೆಗೆ
ಅದರ ಮೇಲೆ ಬಟ್ಟೆ ಒಣಗಿಸಿ, ಬಲೆಗೆ ಬೇಡ."

ಹತ್ತು ಗಂಟೆಗೆ ಹೋಗಿ ನೋಡಿದರೆ ಒಂದು ಹೆಜ್ಜೆಯೂ ತಿಳಿಯದು,
ಮರಳನ್ನು ತುಳಿದು ತುಳಿದು ಗದ್ದೆ ಮಾಡಿದ್ದರು.
ಇಪ್ಪತ್ತಮೂರು ಸುರುಳಿ ವಾಪಸ್ಸು ಬಂತು.
ಗಂಡ ಎರಡು ಸಲ ಕೆಮ್ಮಿದ.

ಈಗ ನಿಲ್ಲುತ್ತಾರೆ.
ಯಾವ ನೈಲಾನು ಬಿಸಿಲಿಗೆ ಬೇಗ ಸಾಯುತ್ತದೆ,
ಉಪ್ಪು ಕುಡಿದ ಗಂಟನ್ನು ಹಲ್ಲು ಹಚ್ಚದೆ ಬಿಚ್ಚುವುದು ಹೇಗೆ,
ಸೀಸ ಈ ವಾರ ಗಜಾನನನ ಬಳಿಯೇ ಅಗ್ಗ
ಅನ್ನುವುದನ್ನೂ ಓದುತ್ತಾರೆ.
ಬರೆಯದ ದಿನ ಬೈಯುತ್ತಾರೆ,
ಉಪ್ಪಿಲ್ಲದ ಗಂಜಿ ಬಡಿಸಿದ ಹಾಗೆ.

ಎಲ್ಲರದಕ್ಕಿಂತ ಆಳದ ಹೆಜ್ಜೆ ಒಂದಿತ್ತು,
ಎಡಗಾಲಿಗೆ ಕಿರುಬೆರಳಿಲ್ಲ. ಜಟ್ಟಿ ಅಂಬಿಗನದು.
ಅವನಿಗೆ ಓದಲು ಬಾರದು, ಊರಿಗೇ ಗೊತ್ತು.
ಲೆಕ್ಕಕ್ಕೆ ಹಿಡಿಯಲೋ ಬಿಡಲೋ ತಿಳಿಯದೆ
ಎಷ್ಟೋ ದಿನ ಅವನ ಹೆಜ್ಜೆಯ ಹತ್ತಿರ ಬಂದು ಎಣಿಕೆ ತಪ್ಪುತ್ತಿತ್ತು.
ಒಂದು ಬೆಳಿಗ್ಗೆ ಅಕ್ಷರ ಬಿಟ್ಟು
ಲಂಗರಿನ ಗಂಟೊಂದನ್ನು ಬಿಡಿಸಿದೆ,
ಬಳಪ ಮುರಿಯುವಷ್ಟು ಶ್ರದ್ಧೆಯಿಂದ.

ಬಂದ. ನಿಂತ. ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಹೆಬ್ಬೆರಳಿಗೆ ಎಂಜಲು ಹಚ್ಚಿ
ನನ್ನ ಎರಡನೆಯ ಸುತ್ತನ್ನು ಅಳಿಸಿದ.
"ಹೀಂಗೆ ಹಾಕಿದ್ರೆ ದೋಣಿ ಹೋತದೆ" ಅಂದು
ಬಳಪಕ್ಕೆ ಕೈ ಚಾಚಿದ.